ಕಪ್ಪು ಬಾಗಿಲಿನ ಖಾತೆ ಯಾರ ಹೆಸರಿನಲ್ಲಿದೆ?

ನೋಂದಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾವ ಕಟ್ಟಡ ಕಂಡರೂ ಅದರ ಅಂದಚಂದಕ್ಕಿಂತ ಮೊದಲು ಕಾಗದಪತ್ರ ನೆನಪಾಗುತ್ತದೆ. ಇದು ಯಾರದು, ಅವರಿಗೆ ಯಾರಿಂದ ಬಂತು, ನಡುವೆ ಎಷ್ಟು ಕೈ ದಾಟಿತು, ಚೆಕ್ಕುಬಂದಿ ಸರಿಯಾಗಿದೆಯೇ. ನಿವೃತ್ತನಾಗಿ ಆರು ವರ್ಷವಾದರೂ ಚಾಳಿ ಬಿಟ್ಟಿಲ್ಲ. ವಿಮಾನ ಹತ್ತಿದರೆ ಅದೂ ಜೊತೆಗೆ ಹತ್ತುತ್ತದೆ.

ಮಗಳು, ಅಳಿಯ ಇರುವುದು ಜರ್ಮನಿಯ ಪಶ್ಚಿಮದ ಅಂಚಿನ ಟ್ರಿಯರ್ ಎಂಬ ಊರಿನಲ್ಲಿ. ಅಳಿಯನ ಕೆಲಸ ಗಡಿಯಾಚೆ ಲಕ್ಸೆಂಬರ್ಗ್‌ನಲ್ಲಿ; ಅಲ್ಲಿನ ಬಾಡಿಗೆಗೆ ಹೆದರಿ ಈಚೆ ಮನೆ ಮಾಡಿಕೊಂಡು ದಿನವೂ ಓಡಾಡುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಕಳೆದ ವರ್ಷ ಮೂರು ತಿಂಗಳು ಅವರ ಜೊತೆಗಿದ್ದೆ. ಹೋಗಿ ಮೂರನೆಯ ದಿನಕ್ಕೆ ಹನ್ನೆರಡು ವರ್ಷದ ಮೊಮ್ಮಗಳು ನನ್ನನ್ನು ಪೋರ್ಟಾ ನೀಗ್ರಾ ತೋರಿಸಲು ಎಳೆದುಕೊಂಡು ಹೋದಳು. ಹಾಗೆಂದರೆ ಕಪ್ಪು ಬಾಗಿಲು. ಕ್ರಿ.ಶ. 170ರ ಸುಮಾರಿಗೆ ರೋಮನ್ನರು ಕಟ್ಟಿದ ಊರಬಾಗಿಲು, ಸುಮಾರು ಮೂವತ್ತು ಮೀಟರ್ ಎತ್ತರ, ಮಳೆ ಹೊಗೆ ತಿಂದು ಕಪ್ಪಾದ ಮರಳುಗಲ್ಲು. ಯುನೆಸ್ಕೋ 1986ರಲ್ಲಿ ಈ ಊರಿನ ರೋಮನ್ ಕಟ್ಟಡಗಳನ್ನೆಲ್ಲ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅದನ್ನು ಸಾರುವ ಫಲಕದ ಮೇಲೆ 'ವೆಲ್ಟ್‌ಎರ್ಬೆ' ಎಂಬ ಪದವಿತ್ತು. ಏನದು ಎಂದು ಕೇಳಿದೆ. "ವೆಲ್ಟ್ ಅಂದರೆ ಪ್ರಪಂಚ." "ಎರ್ಬೆ?" ಅವಳಿಗೆ ಕನ್ನಡ ಪದ ಸಿಗಲಿಲ್ಲ. ಸ್ವಲ್ಪ ಯೋಚಿಸಿ, "ತಾತ ಸತ್ತ ಮೇಲೆ ಸಿಗುವುದು" ಎಂದಳು. ಅಂದ ಮೇಲೆ ತಾನೇ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡು, "ನೀನಲ್ಲ ತಾತ, ಬೇರೆ ಯಾರಾದರೂ ತಾತ" ಎಂದು ಸೇರಿಸಿದಳು.

ನಾವು ಇಂತಹ ಕಡೆಗಳಲ್ಲಿ 'ಪರಂಪರೆ' ಎಂದು ಬರೆಯುತ್ತೇವೆ. ಕರ್ಪೂರದ ವಾಸನೆಯ ಪದ, ಅದನ್ನು ಪ್ರಶ್ನಿಸಲು ಮನಸ್ಸು ಬರುವುದಿಲ್ಲ. ಜರ್ಮನ್ನರ ಪದ ನೇರವಾಗಿ ನನ್ನ ಹಳೆಯ ಕಚೇರಿಯಿಂದ ಎದ್ದು ಬಂದಂತಿತ್ತು: ಪಿತ್ರಾರ್ಜಿತ. ಹಾಗಿದ್ದರೆ ಸತ್ತ ತಾತ ಯಾರು? ಮಕ್ಕಳು ಯಾರು? ವಂಶವೃಕ್ಷ ಎಲ್ಲಿ? ಯುರೋಪಿನ ನಾಗರಿಕತೆ ಗ್ರೀಸ್ ಮತ್ತು ರೋಮ್‌ಗಳಿಂದ ಹರಿದು ಬಂತು ಎಂದು ಹೈಸ್ಕೂಲಿನಲ್ಲಿ ಐದು ಅಂಕಕ್ಕೆ ಬರೆದವನು ನಾನು. ಹರಿದು ಬರುವುದು ನೀರು. ಆಸ್ತಿ ಹಾಗೆ ಬಂದದ್ದನ್ನು ನಾನು ಸೇವಾವಧಿಯಲ್ಲಿ ಒಮ್ಮೆಯೂ ಕಂಡಿಲ್ಲ.

ಕಲ್ಲಿನ ಮೈಮೇಲಿನ ತೂತುಗಳು

ಕಪ್ಪು ಬಾಗಿಲನ್ನು ಹತ್ತಿರದಿಂದ ನೋಡಿದರೆ ಮೊದಲು ಕಾಣುವುದು ತೂತುಗಳು. ಸಿಡುಬು ಎದ್ದು ಹೋದ ಮುಖದಂತೆ, ಕಲ್ಲು ಕಲ್ಲು ಸೇರುವಲ್ಲೆಲ್ಲ ಕೊರೆದ ಗುಳಿಗಳು. ಈ ಕಟ್ಟಡಕ್ಕೆ ಗಾರೆ ಬಳಸಿಲ್ಲ. ಟನ್‌ಗಟ್ಟಲೆ ತೂಗುವ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಕಬ್ಬಿಣದ ಕೊಂಡಿ ಹಾಕಿ, ಕೊಂಡಿಯ ಸುತ್ತ ಸೀಸ ಕಾಯಿಸಿ ಹೊಯ್ದಿದ್ದಾರೆ. ರೋಮನ್ನರ ಆಡಳಿತ ಮುಗಿದ ಮೇಲೆ ಊರಿನವರಿಗೆ ಈ ಬಾಗಿಲು ಕಬ್ಬಿಣ ಮತ್ತು ಸೀಸದ ಗಣಿಯಾಯಿತು. ಉಳಿ ಸುತ್ತಿಗೆ ಹಿಡಿದು ಬಂದವರು ಕೈಗೆಟುಕಿದಷ್ಟನ್ನು ಕಿತ್ತುಕೊಂಡು ಹೋದರು. ಊರಿನ ಉಳಿದ ರೋಮನ್ ಬಾಗಿಲುಗಳದು ಇನ್ನೂ ಕೆಟ್ಟ ಗತಿ; ಅವುಗಳ ಕಲ್ಲನ್ನೇ ಬೇರೆ ಬೇರೆ ಗೋಡೆಗಳಿಗೆ ಹೊತ್ತರು. ತಾತ ಸತ್ತ ಮನೆಯಲ್ಲಿ ಮೊದಲು ಮಾಯವಾಗುವುದು ಹಿತ್ತಾಳೆ ಪಾತ್ರೆಗಳೇ ತಾನೇ.

ಇದೊಂದೇ ಬಾಗಿಲು ಹೇಗೆ ಉಳಿಯಿತು ಎನ್ನುವುದು ನನಗೆ ಬಹಳ ಹಿಡಿಸಿದ ಕಥೆ. ಹನ್ನೊಂದನೆಯ ಶತಮಾನದಲ್ಲಿ ಸಿಮಿಯೋನ್ ಎಂಬ ಸನ್ಯಾಸಿ ಈ ಊರಿಗೆ ಬಂದ. ಸಿಸಿಲಿಯಲ್ಲಿ ಹುಟ್ಟಿದ ಗ್ರೀಕ. ಪಾಳುಬಿದ್ದ ಈ ಬಾಗಿಲಿನ ಪೂರ್ವದ ಗೋಪುರದೊಳಗೆ ಸೇರಿಕೊಂಡು, ಒಂದು ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡ. 1035ರಲ್ಲಿ ಅಲ್ಲೇ ತೀರಿಕೊಂಡ. ಅವನನ್ನು ಸಂತನೆಂದು ಸಾರಿದ್ದೇ ತಡ, ಆರ್ಚ್‌ಬಿಷಪ್ ಪೊಪ್ಪೊ ಇಡೀ ಬಾಗಿಲನ್ನೇ ಚರ್ಚು ಮಾಡಿಸಿದ, ಕೆಳಗೊಂದು ಮೇಲೊಂದು. ಸಂತನ ಚರ್ಚಿನ ಕಲ್ಲು ಕೀಳಲು ಯಾರಿಗೂ ಧೈರ್ಯ ಬರಲಿಲ್ಲ. ರೋಮನ್ನರ ಕಟ್ಟಡವನ್ನು ರೋಮನ್ನರ ಮೇಲಿನ ಗೌರವ ಕಾಯಲಿಲ್ಲ. ಒಬ್ಬ ಗ್ರೀಕ್ ಸನ್ಯಾಸಿಯ ಸಮಾಧಿ ಕಾಯಿತು. ಏಳುನೂರಕ್ಕೂ ಹೆಚ್ಚು ವರ್ಷ ಇದು ಬಾಗಿಲಾಗಿರದೆ ದೇವರಮನೆಯಾಗಿತ್ತು.

ಆಮೇಲೆ ನೆಪೋಲಿಯನ್ ಬಂದ. 1804ರಲ್ಲಿ ಈ ಊರು ಫ್ರಾನ್ಸಿನದು, ಅವನು ಅದೇ ವರ್ಷ ಚಕ್ರವರ್ತಿ. ರೋಮನ್ ಸಾಮ್ರಾಟರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಳ್ಳುವ ಹಂಬಲ ಇದ್ದವನಿಗೆ ಬಾಗಿಲಿನ ಮೈಮೇಲಿನ ಚರ್ಚು ಕಣ್ಣಿಗೆ ಚುಚ್ಚಿರಬೇಕು. ತೆಗೆಯಿರಿ ಎಂದ. ವರ್ಷಗಟ್ಟಲೆ ನಡೆದ ಕೆಲಸವನ್ನು ಆಮೇಲೆ ಬಂದ ಪ್ರಷ್ಯನ್ನರು ಮುಗಿಸಿದರು. ಪೂರ್ವದ ಕಡೆ ಚರ್ಚಿನ ಅರ್ಧಚಂದ್ರಾಕಾರದ ಗರ್ಭಗುಡಿಯಂತಹ ಭಾಗವೊಂದು ಇನ್ನೂ ಅಂಟಿಕೊಂಡಿದೆ. ಪ್ರವಾಸಿಗಳು ಫೋಟೋ ತೆಗೆದುಕೊಳ್ಳುವ 'ರೋಮನ್' ಬಾಗಿಲು ಹೀಗೆ ಕೂಡಿಸಿ ಕಳೆದು ಹತ್ತೊಂಬತ್ತನೆಯ ಶತಮಾನದಲ್ಲಿ ತಯಾರಾದದ್ದು. ನಾನು ಮನಸ್ಸಿನಲ್ಲೇ ಒಂದು ಇ.ಸಿ. ತೆಗೆದೆ, ಅಂದರೆ ಆಸ್ತಿ ಯಾರ ಯಾರ ಕೈ ದಾಟಿತೆಂದು ತೋರಿಸುವ ಋಣಭಾರ ಪತ್ರ: ರೋಮನ್ನರು, ಸೀಸ ಕಿತ್ತವರು, ಸನ್ಯಾಸಿ, ಆರ್ಚ್‌ಬಿಷಪ್, ಫ್ರೆಂಚರು, ಪ್ರಷ್ಯನ್ನರು, ಈಗಿನ ರಾಜ್ಯ ಸರ್ಕಾರ. ಇಷ್ಟು ಉದ್ದದ ಪಟ್ಟಿಯಲ್ಲಿ ಅಪ್ಪನಿಂದ ಮಗನಿಗೆ ಬಂದ ಪೌತಿ ಖಾತೆ ಒಂದೂ ಇಲ್ಲ.

ಈ ಬಾಗಿಲಿನ ಪಕ್ಕದ ಬೀದಿಯಲ್ಲೇ ಕಾರ್ಲ್ ಮಾರ್ಕ್ಸ್ ಬೆಳೆದ ಮನೆ. ಅವನು ಹುಟ್ಟಿದ್ದು 1818ರಲ್ಲಿ, ಊರಿನ ಇನ್ನೊಂದು ತುದಿಯ ಸೇತುವೆ ಬೀದಿಯಲ್ಲಿ. ಮರುವರ್ಷ ಕುಟುಂಬ ಇಲ್ಲಿಗೆ ಬಂತು. ಚರ್ಚು ಕಳಚಿದ ಹೊಸ 'ಹಳೆಯ' ಬಾಗಿಲನ್ನು ನೋಡುತ್ತ ಬೆಳೆದ ಮೊದಲ ಮಕ್ಕಳಲ್ಲಿ ಅವನೂ ಒಬ್ಬ. 1841ರಲ್ಲಿ ಅವನು ಡಾಕ್ಟರೇಟ್ ಪಡೆದದ್ದು ಗ್ರೀಕರ ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸ್ ಕುರಿತು. ಏಳು ವರ್ಷದ ನಂತರ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದಾಗ ಅದರ ಬೇಡಿಕೆಗಳಲ್ಲಿ ಮೂರನೆಯದು, ವಾರಸು ಹಕ್ಕುಗಳೆಲ್ಲ ರದ್ದಾಗಬೇಕು ಎನ್ನುವುದು. ನನ್ನ ಇಲಾಖೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅವನ ಭಾರೀ ಕಂಚಿನ ಪ್ರತಿಮೆ ಬಾಗಿಲಿನ ಹತ್ತಿರವೇ ನಿಂತಿದೆ, 2018ರಲ್ಲಿ ಚೀನಾ ಕೊಟ್ಟ ಉಡುಗೊರೆ. ದಾನಪತ್ರವಾದರೂ ಸರಿಯಾಗಿ ಆಗಿರಬೇಕು.

ಒಂದು ನಕಲಿ ದಾನಪತ್ರ

ಟ್ರಿಯರ್‌ನ ಮಾರುಕಟ್ಟೆ ಚೌಕದಲ್ಲಿ ಕೆಂಪು ಮನೆ ಎಂಬ ಕಟ್ಟಡವಿದೆ. ಅದರ ಹಣೆಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು: ರೋಮ್‌ಗಿಂತ 1300 ವರ್ಷ ಮೊದಲೇ ಟ್ರಿಯರ್ ನಿಂತಿತ್ತು. ಅಸ್ಸೀರಿಯದ ರಾಜಕುಮಾರ ಟ್ರೆಬೆಟಾ ಎಂಬವನು ಮಲತಾಯಿಯ ಕಾಟಕ್ಕೆ ಓಡಿ ಬಂದು ಈ ಊರು ಕಟ್ಟಿದನೆಂದು ಮಧ್ಯಯುಗದ ಸ್ಥಳಪುರಾಣ ಹೇಳುತ್ತದೆ. ಅಗೆದು ನೋಡಿದವರು ಹೇಳುವುದು ಬೇರೆ: ಮೊಸೆಲ್ ನದಿಯ ಮೊದಲ ಮರದ ಸೇತುವೆಯ ಕಂಬಗಳು ಕ್ರಿ.ಪೂ. 17ರ ಆಸುಪಾಸಿನವು, ಊರು ಆಗಸ್ಟಸ್ ಕಾಲದ್ದು. ಸ್ಥಳಪುರಾಣ ನಂಬಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನನಗೆ ತಮಾಷೆ ಎನಿಸಿದ್ದು ಬೇರೆ. ರೋಮ್ ಸತ್ತು ಶತಮಾನಗಳು ಕಳೆದ ಮೇಲೆ ಈ ಊರಿಗೆ ರೋಮಿನ ಮಗನಾಗಲು ಇಷ್ಟವಿರಲಿಲ್ಲ, ಅಣ್ಣನಾಗಬೇಕಿತ್ತು. ಅದನ್ನು ಹೇಳಿಕೊಳ್ಳಲು ಮಾತ್ರ ರೋಮಿನ ಭಾಷೆಯೇ ಬೇಕಾಯಿತು.

ಇದಕ್ಕಿಂತ ದೊಡ್ಡ ಸುಳ್ಳು ಪತ್ರವೂ ಟ್ರಿಯರ್‌ನಲ್ಲಿ ಕೆಲವು ವರ್ಷ ಆಳಿದ ಚಕ್ರವರ್ತಿಯ ಹೆಸರಿನಲ್ಲೇ ಇದೆ. ಕಾನ್‌ಸ್ಟಂಟೈನ್ ತನ್ನ ಸಾಮ್ರಾಜ್ಯದ ಪಶ್ಚಿಮ ಭಾಗವನ್ನೆಲ್ಲ ಪೋಪ್‌ಗೆ ಬರೆದುಕೊಟ್ಟನೆಂಬ ದಾನಪತ್ರ. ಅದನ್ನು ಯಾರೋ ಎಂಟನೆಯ ಶತಮಾನದಲ್ಲಿ, ಅವನು ಸತ್ತು ನಾನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಸೃಷ್ಟಿಸಿದರು. ಪೋಪರು ರಾಜರ ಜೊತೆ ಜಗಳವಾಡುವಾಗ ಅದನ್ನು ಹಾಜರುಪಡಿಸಿದರು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ಲ್ಯಾಟಿನ್ ಪಂಡಿತ ಅದನ್ನು ಸಾಲು ಸಾಲಾಗಿ ಬಿಡಿಸಿಟ್ಟ. ಆ ಕಾಲದ ರೋಮನ್ ದರ್ಬಾರಿನಲ್ಲಿ ಇಲ್ಲದ 'ಸತ್ರಪ'ರು, ಅಂದರೆ ಪರ್ಷಿಯಾದ ಪ್ರಾಂತಾಧಿಕಾರಿಗಳು, ಇದರಲ್ಲಿ ಹೇಗೆ ಬಂದರು? ಕಾನ್‌ಸ್ಟಾಂಟಿನೋಪಲ್ ಪಟ್ಟಣ ಇನ್ನೂ ಹುಟ್ಟದಿರುವಾಗ ಅದರ ಧರ್ಮಪೀಠದ ಹೆಸರು ಪತ್ರದಲ್ಲಿ ಏಕಿದೆ?

ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಓಡಾಡಿದೆ. ಏಕೆಂದರೆ ವಲ್ಲಾ ಮಾಡಿದ ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೇನೆ, ತಾಲ್ಲೂಕು ಮಟ್ಟದಲ್ಲಿ. ಒಂದು ಮಧ್ಯಾಹ್ನ ಇಬ್ಬರು ದಾಯಾದಿಗಳು ನನ್ನ ಮೇಜಿನ ಮುಂದೆ ನಿಂತಿದ್ದರು. ಒಬ್ಬನ ಕೈಯಲ್ಲಿ ನೋಂದಣಿಯಾಗದ ಒಂದು ಹಳೆಯ ಪತ್ರ, 1962ರದ್ದು ಎಂದು ಅವನ ವಾದ. ಕಾಗದ ಹಳದಿಯಾಗಿತ್ತು, ಮಡಿಕೆಗಳು ಹರಿದಿದ್ದವು, ಕೊನೆಯಲ್ಲಿ ಬಿಕ್ಕಲಂ ಎಂದು ಬರಹಗಾರನ ರುಜುವೂ ಇತ್ತು. ಭಾಷೆ ಕೂಡ ಹಳೆಯ ಪತ್ರಬರಹಗಾರರ ಭಾಷೆಯೇ. ಎರಡನೆಯ ಪುಟದಲ್ಲಿ ಮಾತ್ರ 'ಕರ್ನಾಟಕ ರಾಜ್ಯ' ಎಂದಿತ್ತು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ನಾನು ಆ ಪದದ ಮೇಲೆ ಬೆರಳಿಟ್ಟು ಸುಮ್ಮನೆ ಅವನ ಮುಖ ನೋಡಿದೆ. ಅವನು ಪತ್ರ ಮಡಚಿ ಜೇಬಿಗಿಟ್ಟುಕೊಂಡು, ಫ್ಯಾನು ಜೋರಾಗಿ ತಿರುಗುತ್ತಿದೆ ಸಾರ್, ಎಂದು ಹೇಳಿ ಹೊರಗೆ ಹೋದ. ಅದು ಏಕೆ ಹಾಗೆಂದನೋ ಇವತ್ತಿಗೂ ಅರ್ಥವಾಗಿಲ್ಲ.

ನಕಲಿ ಪತ್ರ ಬರೆಯುವ ಕಸುಬು ಎಂಟನೆಯ ಶತಮಾನಕ್ಕೇ ನಿಲ್ಲಲಿಲ್ಲ. ಒಲಿಂಪಿಯಾದಿಂದ ಕ್ರೀಡಾಂಗಣದವರೆಗೆ ಜ್ಯೋತಿ ಹೊತ್ತು ಓಡುವ ಪದ್ಧತಿ ಪ್ರಾಚೀನ ಗ್ರೀಕರದೆಂದು ನಾನು ಬಹುಕಾಲ ನಂಬಿದ್ದೆ. ಅದು ಶುರುವಾದದ್ದು 1936ರಲ್ಲಿ, ಹಿಟ್ಲರನ ಬರ್ಲಿನ್ ಒಲಿಂಪಿಕ್ಸ್‌ಗೆ. ತಾವೇ ಗ್ರೀಕರ ನಿಜವಾದ ವಾರಸುದಾರರು ಎಂದು ತೋರಿಸಿಕೊಳ್ಳುವ ಅವಸರ ಇದ್ದವರಿಗೆ ಬೆಂಕಿಯೂ ಒಂದು ಛಾಪಾ ಕಾಗದ.

ಲೂಟಿಯಾದ ಕಾನೂನು

ಕಟ್ಟಡ ಬಿಡಿ, ಆಸ್ತಿಯ ಕಾನೂನೇ ರೋಮನ್ನರದು ಎನ್ನುತ್ತಾರೆ. ಇದು ನನ್ನ ಅನ್ನದ ವಿಷಯ, ಹಾಗಾಗಿ ಸ್ವಲ್ಪ ಹೆಚ್ಚೇ ಕೆದಕಿದೆ. ಚಕ್ರವರ್ತಿ ಜಸ್ಟಿನಿಯನ್ ಕಾನೂನು ಪಂಡಿತರ ಮಾತುಗಳನ್ನೆಲ್ಲ ಐವತ್ತು ಪುಸ್ತಕಗಳಾಗಿ ಸಂಗ್ರಹಿಸಿ 533ರಲ್ಲಿ ಹೊರಡಿಸಿದ. ಹೊರಡಿಸಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಪಶ್ಚಿಮ ಯುರೋಪು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು. ಹನ್ನೊಂದನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಮತ್ತೆ ಕಣ್ಣಿಗೆ ಬಿದ್ದಾಗ, ಬೊಲೊನ್ಯಾದಲ್ಲಿ ಇರ್ನೇರಿಯಸ್ ಮತ್ತು ಅವನ ಶಿಷ್ಯರು ಅದರ ಪ್ರತಿ ಸಾಲಿನ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ ಕುಳಿತರು. ಉಳಿದಿರುವ ಅತ್ಯಂತ ಹಳೆಯ ಹಸ್ತಪ್ರತಿ, ಆರನೆಯ ಶತಮಾನದ್ದು, ಪೀಸಾ ಪಟ್ಟಣದಲ್ಲಿತ್ತು. 1406ರಲ್ಲಿ ಫ್ಲಾರೆನ್ಸ್‌ನವರು ಪೀಸಾವನ್ನು ಗೆದ್ದು ಅದನ್ನು ಹೊತ್ತುಕೊಂಡು ಹೋದರು. ಇಂದಿಗೂ ಅದರ ಹೆಸರು ಫ್ಲಾರೆನ್ಸ್ ಪ್ರತಿ. ಪರರ ಸೊತ್ತು ಮುಟ್ಟಬಾರದು ಎಂದು ಹೇಳುವ ಗ್ರಂಥವೇ ಕೊಳ್ಳೆಯ ಮಾಲು. ಆದರೂ ಅದು ದುಡಿಯಿತು. ಜರ್ಮನಿಯ ಹಲವು ಭಾಗಗಳಲ್ಲಿ, ಹೊಸ ನಾಗರಿಕ ಸಂಹಿತೆ ಜಾರಿಗೆ ಬಂದ 1900ರ ಜನವರಿ 1ರವರೆಗೂ ಜಸ್ಟಿನಿಯನ್ನನ ಕಾನೂನನ್ನೇ ಆಧಾರವಾಗಿಟ್ಟುಕೊಂಡು ತೀರ್ಪು ಕೊಡುತ್ತಿದ್ದರು.

ನಾನೂ ಜೀವನವಿಡೀ ಲ್ಯಾಟಿನ್ ಆಡಿದ್ದೇನೆಂದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಅಫಿಡವಿಟ್ ಎಂದರೆ 'ಪ್ರಮಾಣ ಮಾಡಿ ಹೇಳಿದ್ದಾನೆ'. ಕೇವಿಯಟ್ ಎಂದರೆ 'ಎಚ್ಚರವಾಗಿರಲಿ'. ನಮ್ಮ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರೂ ದಿನಕ್ಕೆ ಹತ್ತು ಸಲ ಈ ಪದ ಹೇಳುತ್ತಿದ್ದರು. ಬೇರೆಯವರ ಭೂಮಿಯಲ್ಲಿ ಹನ್ನೆರಡು ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ ಕೂತವನು ಪ್ರತಿಕೂಲ ಸ್ವಾಧೀನದ ಹಕ್ಕು ಕೇಳಬಹುದೆಂದು ನಮ್ಮ ಕಾನೂನು ಹೇಳುತ್ತದೆ. ರೋಮನ್ನರ ಹನ್ನೆರಡು ಫಲಕಗಳ ಕಾನೂನಿನಲ್ಲೂ ಅನುಭೋಗದಿಂದ ಒಡೆತನ ಪಡೆಯುವ ದಾರಿಯಿತ್ತು. ಭೂಮಿಗೆ ಬರೀ ಎರಡು ವರ್ಷ. ಯುರೋಪಿನ ಹಕ್ಕನ್ನು ಯಾವ ಶೀರ್ಷಿಕೆಯಡಿ ದಾಖಲಿಸಬೇಕೆಂದು ನನ್ನನ್ನು ಕೇಳಿದರೆ ಪಿತ್ರಾರ್ಜಿತಕ್ಕಿಂತ ಇದೇ ಹತ್ತಿರ ಎನ್ನುತ್ತೇನೆ.

ಗ್ರೀಕರ ಪಾಲಿನದಂತೂ ಇನ್ನೂ ಸುತ್ತುಬಳಸು. ಖಗೋಳದ ಮೇಲೆ ಟಾಲೆಮಿ ಬರೆದ ಗ್ರೀಕ್ ಗ್ರಂಥ ಬಾಗ್ದಾದಿನವರ ಕೈಯಲ್ಲಿ ಅರಬ್ಬಿಯಾಯಿತು. 1175ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಅದನ್ನು ಅರಬ್ಬಿಯಿಂದ ಲ್ಯಾಟಿನ್‌ಗೆ ತಂದ. ಯುರೋಪಿನವರು ಇಂದಿಗೂ ಅದನ್ನು ಕರೆಯುವುದು 'ಅಲ್ಮಜೆಸ್ಟ್' ಎಂದು: ಗ್ರೀಕಿನ 'ಅತಿ ದೊಡ್ಡದು' ಎಂಬ ಪದ, ಅದಕ್ಕೆ ಅರಬ್ಬಿಯ 'ಅಲ್'. ಮಾರಿದವನ ಹೆಸರು ಪತ್ರದಲ್ಲೇ ಉಳಿದುಬಿಟ್ಟಿದೆ. (ನಮಗೂ ಒಂದು ಚೂರು ಹೀಗೆಯೇ ಸಿಕ್ಕಿದೆ. ಸೋಫೋಕ್ಲಿಸ್‌ನ ಏಜಾಕ್ಸ್‌ನನ್ನು ಬಿ.ಎಂ.ಶ್ರೀ. ಅಶ್ವತ್ಥಾಮನನ್ನಾಗಿ ಮಾಡಿ ಕುರುಕ್ಷೇತ್ರಕ್ಕೆ ಕರೆತಂದರು. ವಂಶವೃಕ್ಷದಲ್ಲಿ ನಮಗೂ ಗ್ರೀಕರಿಗೂ ಗೆರೆ ಎಳೆಯಲು ಬರುವುದಿಲ್ಲ, ಆದರೂ ಆ ನಾಟಕ ಕನ್ನಡದ್ದು.)

ರೋಸಾ, ರೋಸೆ

ಮೊಮ್ಮಗಳ ಶಾಲೆಯಲ್ಲಿ ಲ್ಯಾಟಿನ್ ಇದೆ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಅಳುಮೋರೆ ಮಾಡಿಕೊಂಡಿದ್ದಳು. ಒಂದೇ ಪದಕ್ಕೆ ಹತ್ತು ಬಾಲ, ಬಾಯಿಪಾಠ ಮಾಡಬೇಕು. ರೋಸಾ, ರೋಸೆ, ರೋಸಮ್ ಎಂದು ಓದುವುದು ಕಿವಿಗೆ ಬಿದ್ದಾಗ ನನಗೆ ರಾಮಃ ರಾಮೌ ರಾಮಾಃ ತಾನಾಗಿ ಬಾಯಿಗೆ ಬಂತು. "ಇದು ವಿಭಕ್ತಿ ಪುಟ್ಟೀ, ಇದರಲ್ಲಿ ಅಳುವುದೇನಿದೆ" ಎಂದು ಕುಳಿತೆ. ಒಂದು ವಾರ ಇಬ್ಬರೂ ಜಗಳವಾಡಿದೆವು. ನಮ್ಮ ದ್ವಿತೀಯಾ ಅವರಲ್ಲಿ ನಾಲ್ಕನೆಯದು. ನಾನು ಪ್ರತಿ ಸಲ ಎರಡನೆಯದಾಗಿ ಹೇಳಿಕೊಟ್ಟು ಅವಳ ಕೈಯಲ್ಲಿ ಬೈಸಿಕೊಂಡೆ. ಆ ಮೇಜಿನ ಸುತ್ತಲೇ ಅವಳು ನನಗೆ ಜರ್ಮನ್ ಪದಗಳನ್ನು ಹೇಳಿಕೊಟ್ಟಳು: ಗೋಡೆ ಮೌವರ್, ಕಿಟಕಿ ಫೆನ್‌ಸ್ಟರ್, ಹೆಂಚು ತ್ಸೀಗೆಲ್, ಸುಣ್ಣ ಕಾಲ್ಕ್, ನೆಲಮಾಳಿಗೆ ಕೆಲ್ಲರ್. ಎಲ್ಲವೂ ಲ್ಯಾಟಿನ್ನಿನಿಂದ ಬಂದವು. ಮರದ ಮನೆ ಕಟ್ಟಿಕೊಂಡಿದ್ದವರು ಕಲ್ಲಿನ ಮನೆ ಕಟ್ಟುವುದನ್ನು ರೋಮನ್ನರಿಂದ ಕಲಿತು, ಪದವನ್ನೂ ಸಾಮಾನಿನ ಜೊತೆಗೇ ತಂದುಕೊಂಡಿದ್ದಾರೆ. ಖಾತೆಯನ್ನೂ ಜಮೀನನ್ನೂ ನಾವು ಮಾಡಿಕೊಂಡದ್ದು ಹೀಗೆಯೇ. ವಾರಸುದಾರ ಎಂಬ ಪದವೇ ನಮಗೆ ಅರಬ್ಬಿ ಪಾರ್ಸಿಯಿಂದ ಬಂದದ್ದು.

ಹೊರಡುವ ಮುಂಚಿನ ಭಾನುವಾರ ಅವಳು ನನ್ನನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನಾಯ್‌ಮಾಗನ್ ಎಂಬ ಹತ್ತಿರದ ಊರಿನಲ್ಲಿ ಸಿಕ್ಕ ಕಲ್ಲುಗಳಿವೆ. ಶ್ರೀಮಂತರ ಸಮಾಧಿಗಳ ಕೆತ್ತನೆಗಳು. ಸಾಮ್ರಾಜ್ಯಕ್ಕೆ ಗಂಡಾಂತರ ಬಂದಾಗ ರೋಮನ್ನರೇ ತಮ್ಮ ಅಜ್ಜಂದಿರ ಈ ಸಮಾಧಿಗಳನ್ನು ಒಡೆದು, ಕೋಟೆಯ ಅಡಿಪಾಯಕ್ಕೆ ತುಂಬಿದ್ದರು. ಹೊರಗೆ ನಿಂತಿದ್ದರೆ ಸುಣ್ಣದ ಗೂಡಿಗೆ ಹೋಗುತ್ತಿದ್ದವೋ ಏನೋ, ಮಣ್ಣಿನಡಿ ಹೂತದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಗೆದವರಿಗೆ ಸಿಕ್ಕವು. ಒಂದರಲ್ಲಿ ಪಾಠಶಾಲೆ: ನಡುವೆ ಗಡ್ಡದ ಮೇಷ್ಟರು, ಎರಡು ಪಕ್ಕದಲ್ಲಿ ಸುರುಳಿ ಬಿಚ್ಚಿ ಓದುವ ಇಬ್ಬರು ಹುಡುಗರು, ಬಲಗಡೆ ತಡವಾಗಿ ಬಂದು ಕೈಯೆತ್ತಿ ನಮಸ್ಕರಿಸುತ್ತಿರುವ ಮೂರನೆಯವನು. "ಇವನಿಗೆ ಬಸ್ಸು ತಪ್ಪಿದೆ" ಎಂದು ಮೊಮ್ಮಗಳು ಅವನ ಮುಂದೆಯೇ ನಿಂತುಬಿಟ್ಟಳು.

ನಾನು ನಿಂತದ್ದು ಇನ್ನೊಂದರ ಮುಂದೆ. ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ನಾಣ್ಯ. ದಪ್ಪ ಬಟ್ಟೆ ಹೊದ್ದ ಗಡ್ಡದ ಜನ ಗೇಣಿ ಕಟ್ಟಲು ಬಂದಿದ್ದಾರೆ. ಇತ್ತ ಕಡೆ ಲೆಕ್ಕದ ಪುಸ್ತಕ ಹಿಡಿದವನು. ಈ ಜನ ರೋಮಿನವರಲ್ಲ, ಇಲ್ಲಿಯ ಟ್ರೆವೆರಿ ಕುಲದ ರೈತರಿರಬೇಕು. ಊರಿಗೆ ಹೆಸರು ಬಂದದ್ದು ಅವರಿಂದಲೇ. ನಮ್ಮಪ್ಪ ಗೇಣಿದಾರ. ಸುಗ್ಗಿ ಮುಗಿದ ಮೇಲೆ ರಾಗಿ ಮೂಟೆ ಗಾಡಿಗೆ ಹೇರಿ ಧಣಿಗಳ ಮನೆಗೆ ಹೋಗುವಾಗ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಜಗಲಿಯ ಮೇಲೆ ಶಾನುಭೋಗರ ಕಡೆಯವರೊಬ್ಬರು ಕೊಳಗ ಹಿಡಿದು ಅಳೆಯುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಅಪ್ಪ ಅಂಗಳದಲ್ಲಿ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತಿರುತ್ತಿದ್ದ. ಆಮೇಲೆ ಉಳುವವನಿಗೇ ಭೂಮಿ ಎಂಬ 1974ರ ಭೂಸುಧಾರಣೆ ಕಾನೂನು ಬಂತು, ಗೇಣಿ ಭೂಮಿಯ ಒಡೆತನ ಕೇಳುವ ಏಳನೇ ನಮೂನೆಯ ಅರ್ಜಿ ಹಾಕಿದೆವು, ಆ ಮೂರು ಎಕರೆಯನ್ನು ಈಗ ನಾವು ಪಿತ್ರಾರ್ಜಿತ ಎನ್ನುತ್ತೇವೆ.

ಕಲ್ಲಿನ ಗುಮಾಸ್ತನನ್ನು ಬಹಳ ಹೊತ್ತು ನೋಡಿದೆ. ಮೂವತ್ತೊಂದು ವರ್ಷ ನಾನೂ ಮೇಜಿನ ಅದೇ ಬದಿಯಲ್ಲಿ ಕೂತಿದ್ದವನು. ಹಿಂದಿನಿಂದ ಮೊಮ್ಮಗಳು ಬಂದು, ಯಾರು ತಾತ ಇವರು, ಎಂದು ಕೇಳಿದಳು. ಗಡ್ಡದವರಲ್ಲಿ ಒಬ್ಬನನ್ನು ತೋರಿಸಿ, ಇವನು ನಿನ್ನ ಮುತ್ತಾತನ ಥರ ನಿಂತಿದ್ದಾನೆ ನೋಡು, ಎಂದೆ. ಅವಳು ಕಲ್ಲಿನ ಹತ್ತಿರ ಮುಖ ಒಯ್ದು ನೋಡಿ, ಮೂಗು ಮುರಿದು ಹೋಗಿದೆ, ಎಂದಳು.